ಬೇಕಲ ಕೋಟೆಗೆ ಚಿತ್ರ ಬಿಡಿಸಲು ಹೋಗುವವರಿಗೆ: ಚಂದ್ರಗಿರಿ ಬಸ್ಸು, ಕುಡಿಯುವ ನೀರು, ಒಂದು ಶೀಶೆ ಚೊಗರು

ಕಾಸರಗೋಡಿನಲ್ಲಿ ಬಸ್ಸು ಹತ್ತುವ ಮೊದಲು "ಚಂದ್ರಗಿರಿ ಮೇಲೆ ಹೋಗ್ತದಾ?" ಎಂದು ಕೇಳಿಕೊಳ್ಳಿ. ಬೇಕಲದ ಆಚೆಯ ಕಾಞಂಗಾಡಿಗೆ ಎರಡು ದಾರಿ. ಒಂದು ಚಂದ್ರಗಿರಿ ಸೇತುವೆ ದಾಟಿ, ಉದುಮ, ಪಾಲಕುನ್ನು ಹಾದು ಕಡಲ ಬದಿಯಲ್ಲೇ ಬೇಕಲಕ್ಕೆ ಬರುತ್ತದೆ. ಇನ್ನೊಂದು ಚೆರ್ಕಳದ ಮೇಲೆ ಹೆದ್ದಾರಿಯಲ್ಲಿ ಹೋಗುತ್ತದೆ. ಬೋರ್ಡು ಮಲಯಾಳದಲ್ಲಿತ್ತು, "ಕಾಞಂಗಾಡ್, ಕಾಞಂಗಾಡ್" ಎಂಬ ಕೂಗು ಕೇಳಿ ನಾನೂ ಅಕ್ಕನೂ ಹತ್ತಿಬಿಟ್ಟೆವು. ಬೇಕಲಕ್ಕೆ ಹೋಗುತ್ತದಾ ಎಂದರೆ ಕಂಡಕ್ಟರ್ ತಲೆಯಾಡಿಸಿ ಟಿಕೆಟ್ ಹರಿದ. ಆಮೇಲೆ ಹೆದ್ದಾರಿಯ ಧೂಳಿನಲ್ಲಿ ಇಳಿಸಿ "ಇಲ್ಲಿಂದ ಆಟೋ" ಅಂದ. ಬಸ್ಸಿಗೆ ಕೊಟ್ಟದ್ದರ ಎಷ್ಟೋ ಪಟ್ಟು ಆಟೋಕ್ಕೆ ಹೋಯಿತು. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಬೆಳಗಿನ ಬಿಸಿಲು ತಪ್ಪಿದ್ದಕ್ಕೆ. ಕೋಟೆಯ ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯ ಚೆಲುವೆಲ್ಲ ಅದರ ತೂತುಗಳಲ್ಲಿ ಕೂತ ನೆರಳಿನಲ್ಲಿದೆ. ಹನ್ನೊಂದು ಗಂಟೆಯ ಮೇಲೆ ಗೋಡೆ ಬರೀ ಕೆಂಪು ಹಲಗೆಯಂತೆ ಕಾಣುತ್ತದೆ.

ಕೋಟೆ 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ನಾನು ಸಾಗರದವಳು, ಕೆಳದಿ ನಮಗೆ ಪಕ್ಕದೂರು. ಅದಕ್ಕೇ ಮನೆಯಿಂದ ಒಂದು ಶೀಶೆ ಅಡಿಕೆ ಚೊಗರು ಕಟ್ಟಿಕೊಂಡು ಹೋಗಿದ್ದೆ. ಅಡಿಕೆ ಬೇಯಿಸಿದ ಆ ಕೆಂಪು ರಸದಿಂದಲೇ ನಮ್ಮ ನಾಯಕರ ಕೋಟೆ ಬಿಡಿಸಬೇಕೆಂಬ ಆಸೆ. ಬೂಸ್ಟು ಹಿಡಿಯದಿರಲಿ ಎಂದು ಎರಡು ಲವಂಗ ಹಾಕಿದ್ದೆ. ನೀರು ಬೆರೆಸಿದರೆ ತೆಳು ಗುಲಾಬಿಗಂದು, ಒಣಗಿದ ಮೇಲೆ ಮತ್ತೊಂದು ಪದರ ಕೊಟ್ಟರೆ ಮುರಕಲ್ಲಿನದೇ ಬಣ್ಣ.

ಕಡಲ ನೀರಿನಲ್ಲಿ ಬಣ್ಣ ಕಲಸುವ ಹುಚ್ಚು ಬೇಡ. ನಾನು ಮಾಡಿ ನೋಡಿದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ, ಹಾಳೆ ಅಂಟಂಟು. ರಾತ್ರಿ ಪುಸ್ತಕ ಮುಚ್ಚಿಟ್ಟೆ, ಬೆಳಿಗ್ಗೆ ಬಿಡಿಸಿದರೆ ಎರಡು ಪುಟ ಒಂದಕ್ಕೊಂದು ಕಚ್ಚಿ ಹರಿದವು. ಕುಡಿಯುವ ನೀರನ್ನೇ ಬಳಸಿ. 300 ಜಿಎಸ್ಎಂನ ದಪ್ಪ ಹಾಳೆಯನ್ನೇ ಒಯ್ಯಿರಿ; ನೀರಿಗೆ ತೆಳು ಹಾಳೆ ಹಪ್ಪಳದಂತೆ ಏಳುತ್ತದೆ. ಕರಾವಳಿಯಲ್ಲಿ ಬಣ್ಣ ನಮ್ಮ ಘಟ್ಟದ ಮೇಲಿನ ಬೇಸಿಗೆಯಂತೆ ಬೇಗ ಒಣಗುವುದಿಲ್ಲ. ಒಂದು ಪುಟ ಒಣಗುವಾಗ ಇನ್ನೊಂದು ಶುರುಮಾಡಲು ಎರಡು ಸಣ್ಣ ಪುಸ್ತಕ ಇದ್ದರೆ ಒಳ್ಳೆಯದು. ಆಯಿಲ್ ಪೇಸ್ಟಲ್ ಬಿಸಿಲಿಗೆ ಬೆಣ್ಣೆಯಾಗುತ್ತದೆ.

ಉಳಿದುಕೊಂಡ ಕೋಣೆಯ ಬಗ್ಗೆ ಇಷ್ಟೇ: "ಸೀ ವ್ಯೂ" ಎಂದು ದುಪ್ಪಟ್ಟು ತೆಗೆದುಕೊಂಡರು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕಡಲು ನೋಡುವುದಾದರೆ ಕೋಟೆಯ ಬುರುಜಿನಿಂದಲೇ ನೋಡಿ.

ಊಟಕ್ಕೆ ಕೋಟೆ ಬಾಗಿಲ ಎದುರಿನ ಅಂಗಡಿಗಳನ್ನು ಬಿಟ್ಟು ಪಳ್ಳಿಕೆರೆ ಕಡೆ ನಡೆಯಿರಿ. ಅಲ್ಲಿ ನಾಲ್ಕು ಬೆಂಚಿನ ಒಂದು ಹೋಟೆಲು, ಹೆಸರಿನ ಫಲಕವೂ ಇಲ್ಲ. ಹಬೆಯಾಡುವ ಪುಟ್ಟು, ತೆಂಗಿನಕಾಯಿ ಹುರಿದು ಅರೆದ ಕಡಲೆ ಗಸಿ. ಗಸಿ ಮುಗಿದರೆ ಕೇಳದೆಯೇ ಬಡಿಸುತ್ತಾರೆ, ಅದಕ್ಕೆ ಬೇರೆ ಲೆಕ್ಕವಿಲ್ಲ. ಮೂರು ದಿನವೂ ಅಲ್ಲೇ ತಿಂದೆವು. ಮಾಲೀಕರು ಶೀಶೆ ನೋಡಿ, "ಎಂತ ಅಕ್ಕ, ಕಟ್ಟನ್ ಚಾಯದಲ್ಲಿ ಚಿತ್ರವಾ?" ಎಂದರು. ಕಟ್ಟನ್ ಚಾಯ ಅಂದರೆ ಹಾಲು ಹಾಕದ ಚಹಾ. ಚೊಗರು ಎಂದೆ. "ನಮ್ಮಲ್ಲಿ ಬೇಯಿಸುದಿಲ್ಲ, ಒಣಗಿಸಿ ಚಾಲಿ ಮಾಡುದು. ಇದು ನೋಡಿಯೇ ಇಲ್ಲ" ಎಂದು ಬೆರಳಲ್ಲಿ ಅದ್ದಿ ಮೂಸಿದರು.

ಅಲ್ಲೇ ಇನ್ನೊಂದು ಆಯಿತು. ಉಪ್ಪುಗಾಳಿಗೆ ತುಕ್ಕು ಹಿಡಿದ ಮೇಜಿನ ಅಂಚಿಗೆ ಒದ್ದೆ ಹಾಳೆ ತಾಗಿ, ಚೊಗರು ಹಚ್ಚಿದ ಮೂಲೆ ಕಣ್ಣೆದುರೇ ಹಸಿರುಗಪ್ಪಾಯಿತು. ಅಡಿಕೆಯ ಒಗರು ಕಬ್ಬಿಣಕ್ಕೆ ಸೇರಿದರೆ ಹಾಗಾಗುತ್ತದೆ. ಅಳಲೆಕಾಯಿ ಶಾಯಿಯದೂ ಇದೇ ಗುಟ್ಟು. ಮಾಲೀಕರಿಂದ ಒಂದು ತುಕ್ಕು ಮೊಳೆ ಕೇಳಿ ಪಡೆದು, ಮುಚ್ಚಳದಲ್ಲಿ ನೀರು ಹಾಕಿ ನೆನೆಸಿಟ್ಟೆ. ಮರುದಿನ ಬೆಳಿಗ್ಗೆ ಏಳೂವರೆಗೆ ಚಂದ್ರಗಿರಿ ಬಸ್ಸು ಹೋಗುವ ರಸ್ತೆಯ ಬದಿ ಕೂತು, ಚೊಗರಿನಲ್ಲಿ ಬಿಡಿಸಿದ ಹೊರಗೋಡೆಯ ಮೇಲೆ ತೂತುಗಳ ನೆರಳನ್ನೆಲ್ಲ ಆ ನೀರಿನ ಒಂದೊಂದು ಹನಿಯಲ್ಲಿ ಬರೆದೆ.

ಭಾನುವಾರ ಮಾತ್ರ ಹೋಗಬೇಡಿ. ಬುರುಜಿನ ಮೇಲೆ ಸೆಲ್ಫಿಯವರು ಹೆಗಲ ಮೇಲೇ ಬೀಳುತ್ತಾರೆ. ಆ ದಿನ ಕುಂಬಳೆ ಹತ್ತಿರದ ಅನಂತಪುರಕ್ಕೆ ಹೋಗಿ, ಕೆರೆಯ ನಡುವಿನ ಗುಡಿಯನ್ನು ದಂಡೆಯಿಂದ ಬಿಡಿಸಿ. ಆ ಹಸಿರು ನೀರಿಗೆ ಚೊಗರು ಸಾಲದು, ಪೆಟ್ಟಿಗೆಯ ಬಣ್ಣವೇ ಬೇಕು.