ಲ್ಯಾಪ್‌ಟಾಪ್ 127 ಡಿಗ್ರಿ ತೋರಿಸ್ತಿದೆ, ಸುಟ್ಟೋಗುತ್ತಾ?

ಸ್ಕ್ರೀನ್‌ಶಾಟ್ ಕಳಿಸಿ ಜನ ನನ್ನನ್ನ ಕೇಳೋದು ಹೆಚ್ಚುಕಮ್ಮಿ ಇದೇ. ಟೆಂಪರೇಚರ್ ನೋಡೋಕೆ ಅಂತ ಒಂದು ಸಾಫ್ಟ್‌ವೇರ್ ಹಾಕ್ಕೊಂಡಿರ್ತಾರೆ, ಅದರಲ್ಲಿ ಒಂದು ಸಾಲು 127 ಅನ್ನುತ್ತೆ, ಇನ್ನೊಂದು 27.8, ಮತ್ತೊಂದು 64, ಕೈಯಿಟ್ಟು ನೋಡಿದ್ರೆ ಕೀಬೋರ್ಡ್ ಸ್ವಲ್ಪ ಬೆಚ್ಚಗಿದೆ ಅಷ್ಟೇ. ಯಾವುದನ್ನ ನಂಬೋದು?

ನಾನು ಹೇಳೋದು ಇಷ್ಟು: ಸಿಪಿಯು ಒಳಗಿನ ಸೆನ್ಸರನ್ನ ಅದು ಬಿಸಿ ಇರುವಾಗ ನಂಬಿ, ತಣ್ಣಗಿರುವಾಗ ಅರ್ಧ ನಂಬಿ, ಉಳಿದ ಸಾಲುಗಳನ್ನ ಅವು ಯಾವ ಭಾಗದ್ದು ಅಂತ ಗೊತ್ತಾಗೋವರೆಗೂ ಲೆಕ್ಕಕ್ಕೇ ತಗೋಬೇಡಿ.

127 ಅನ್ನೋದು ಬಿಸಿನೇ ಅಲ್ಲ. 8 ಬಿಟ್ ಜಾಗದಲ್ಲಿ ಪ್ಲಸ್ಸು ಮೈನಸ್ಸು ಎರಡನ್ನೂ ಹಿಡಿಸಬೇಕಂದ್ರೆ -128ರಿಂದ 127ರವರೆಗೆ ಮಾತ್ರ ಬರೆಯೋಕಾಗೋದು, ಸೆನ್ಸರ್ ಇರಬೇಕಾದ ಕಡೆ ಏನೂ ಕನೆಕ್ಟ್ ಆಗಿಲ್ಲ ಅಂದ್ರೆ ಎಷ್ಟೋ ಸಲ ಈ ತುದಿ ಇಲ್ಲಾ ಆ ತುದಿಯ ನಂಬರೇ ಬಂದು ಕೂತಿರುತ್ತೆ. ಸಿಪಿಯುಗಳು ಸಾಮಾನ್ಯವಾಗಿ 100ರ ಆಸುಪಾಸಲ್ಲೇ ಸ್ಪೀಡ್ ಇಳಿಸ್ಕೊಳ್ತವೆ, ಹಾಗಿರುವಾಗ ದಿನವಿಡೀ 127ರಲ್ಲಿ ಕೂತು ನೀವು ಆರಾಮಾಗಿ ವಿಡಿಯೋ ನೋಡ್ತಿದ್ದೀರಿ ಅಂದ್ರೆ ಅದು ನಡೆಯೋ ಮಾತಲ್ಲ.

ಆ 27.8 ಇನ್ನೂ ಮಜಾ. ಲಿನಕ್ಸಲ್ಲಿ ಸೆನ್ಸರ್ಸ್ ಕಮಾಂಡ್ ಕೊಟ್ಟವರು ಇದನ್ನ ನೋಡೇ ಇರ್ತಾರೆ. ಎಸಿಪಿಐ (ಆಪರೇಟಿಂಗ್ ಸಿಸ್ಟಮ್ಮು ಹಾರ್ಡ್‌ವೇರು ಮಾತಾಡ್ಕೊಳ್ಳೋಕೆ ಇರೋ ನಿಯಮ) ಪ್ರಕಾರ ಬಯಾಸ್, ಅಂದ್ರೆ ಮದರ್‌ಬೋರ್ಡಲ್ಲೇ ಕೂತಿರೋ ಸಾಫ್ಟ್‌ವೇರ್, ಟೆಂಪರೇಚರನ್ನ ಕೆಲ್ವಿನ್ನಿನ ಹತ್ತನೇ ಒಂದು ಭಾಗದಲ್ಲಿ ಹೇಳ್ಬೇಕು. ಎಷ್ಟೋ ಬಯಾಸ್‌ಗಳಲ್ಲಿ ಅಲ್ಲಿ 3010 ಅಂತ ಒಂದು ನಂಬರ್ ಸುಮ್ನೆ ಬರೆದಿಟ್ಟಿರುತ್ತೆ. ಅಂದ್ರೆ 301 ಕೆಲ್ವಿನ್, 273.15 ಕಳೀರಿ, 27.85. ಗೇಮ್ ಆಡಿ, ವಿಡಿಯೋ ರೆಂಡರ್ ಮಾಡಿ, ಏನ್ ಮಾಡಿದ್ರೂ ಅದು ಅಲ್ಲಾಡಲ್ಲ, ಯಾಕಂದ್ರೆ ಅಲ್ಲಿ ಅಳೆಯೋರೇ ಯಾರೂ ಇಲ್ಲ.

ಇನ್ನು ಅಸಲಿ ಸೆನ್ಸರ್. ಇಂಟೆಲ್ ಚಿಪ್ ಒಳಗಿನ ಸೆನ್ಸರ್ ನೇರವಾಗಿ ಟೆಂಪರೇಚರ್ ಹೇಳಲ್ಲ, ಚಿಪ್ ಸ್ಪೀಡ್ ಇಳಿಸ್ಕೊಳ್ಳೋ ಲಿಮಿಟ್‌ಗೆ ಇನ್ನೂ ಎಷ್ಟು ಡಿಗ್ರಿ ಬಾಕಿ ಇದೆ ಅಂತ ಹೇಳುತ್ತೆ. ಬಾಕಿ 36, ಲಿಮಿಟ್ 100, ಸಾಫ್ಟ್‌ವೇರ್ ಕಳೆದು 64 ಅಂತ ತೋರಿಸುತ್ತೆ. ಲಿಮಿಟ್ 90 ಅಂತ ತಪ್ಪು ತಿಳ್ಕೊಂಡ್ರೆ ಅದೇ ಚಿಪ್ಪು ಅದೇ ಕ್ಷಣದಲ್ಲಿ 54! ಇಂಟೆಲ್‌ನ ಹಳೇ ಕೋರ್ 2 ಡ್ಯುಯೋ ಚಿಪ್ಪುಗಳ ಕಾಲದಲ್ಲಿ ಆಗ್ತಿದ್ದಿದ್ದು ಇದೇ, ಆ ಲಿಮಿಟ್ ಎಷ್ಟು ಅಂತ ಸಾಫ್ಟ್‌ವೇರ್ ಬರೆಯೋರು ಅಂದಾಜು ಮಾಡ್ಬೇಕಿತ್ತು, 2008ರಲ್ಲಿ ಇಂಟೆಲ್ ತಾನೇ ಬಾಯಿಬಿಟ್ಟಿತು. ಆಮೇಲಿನ ಕೋರ್ ಐ ಚಿಪ್ಪುಗಳಲ್ಲಿ ಲಿಮಿಟನ್ನೂ ಚಿಪ್ಪಿಂದಲೇ ಓದ್ಬಹುದು. ಆದ್ರೂ ಒಂದು ವಿಷಯ ಹಾಗೇ ಉಳ್ಕೊಂಡಿದೆ, ಈ ಸೆನ್ಸರ್ ಇರೋದೇ ಚಿಪ್ ಸುಡದಂತೆ ಕಾಯೋಕೆ, ಹಾಗಾಗಿ ಲಿಮಿಟ್ ಹತ್ರ ಕರಾರುವಾಕ್ಕು, ದೂರ ಹೋದಷ್ಟೂ ಸಡಿಲ. ಏನೂ ಕೆಲಸ ಇಲ್ಲದಾಗ ನನ್ನದು 38, ಫ್ರೆಂಡ್‌ದು 43 ಅಂತ ತಲೆ ಕೆಡಿಸ್ಕೊಳ್ಳೋದು ವೇಸ್ಟ್. ಎಎಮ್‌ಡಿ (ಸಿಪಿಯು ಮಾಡೋ ಇನ್ನೊಂದು ಕಂಪನಿ) ಕಥೆ ಬೇರೆ, 2017ರ ರೈಜನ್ 1700ಎಕ್ಸ್, 1800ಎಕ್ಸ್ (ಡೆಸ್ಕ್‌ಟಾಪ್ ಚಿಪ್ಪುಗಳೇ, ಇರ್ಲಿ) ಫ್ಯಾನ್ ಕಂಟ್ರೋಲ್‌ಗೋಸ್ಕರ ಬೇಕಂತಲೇ 20 ಡಿಗ್ರಿ ಸೇರಿಸಿ ಹೇಳ್ತಿದ್ವು.

ಲ್ಯಾಪ್‌ಟಾಪಲ್ಲಿ ಇನ್ನೊಂದು ತಲೆನೋವು ಎಂಬೆಡೆಡ್ ಕಂಟ್ರೋಲರ್. ಫ್ಯಾನು, ಬ್ಯಾಟರಿ, ಕೀಬೋರ್ಡು ಎಲ್ಲಾ ನೋಡ್ಕೊಳ್ಳೋ ಸಣ್ಣ ಚಿಪ್ ಅದು, ಅದರೊಳಗೆ ಯಾವ ಅಡ್ರೆಸ್ಸಲ್ಲಿ ಏನಿದೆ ಅನ್ನೋದು ಕಂಪನಿಗೊಂದು ಮಾಡೆಲ್‌ಗೊಂದು ಥರ, ಹೊರಗಡೆಯವರಿಗೆ ಸಾಮಾನ್ಯವಾಗಿ ಹೇಳೋದೂ ಇಲ್ಲ. ಒಂದು ಮಾಡೆಲಲ್ಲಿ ಟೆಂಪರೇಚರ್ ಇರೋ ಜಾಗದಲ್ಲಿ ಇನ್ನೊಂದರಲ್ಲಿ ಫ್ಯಾನ್ ಲೆವೆಲ್ ಇರಬಹುದು, ಸಾಫ್ಟ್‌ವೇರ್ ಅದಕ್ಕೂ ಡಿಗ್ರಿ ಚಿಹ್ನೆ ಅಂಟಿಸಿ ತೋರಿಸುತ್ತೆ. ಎರಡು ಸಾಫ್ಟ್‌ವೇರ್ ಒಟ್ಟಿಗೆ ಓಡಿಸಿದ್ರೆ ಒಂದು ಕೇಳಿದ್ದಕ್ಕೆ ಇನ್ನೊಂದರ ಉತ್ತರ ಸಿಗೋ ಚಾನ್ಸೂ ಇದೆ, ಹೋಲಿಸಿ ನೋಡೋಣ ಅಂತ ಎರಡೂ ತೆರೆದಿಟ್ಟುಕೊಳ್ಳೋರು ಇದನ್ನ ನೆನಪಿಡಿ.

ಚೆಕ್ ಮಾಡ್ಬೇಕಂದ್ರೆ ರಾತ್ರಿಯಿಡೀ ಆಫ್ ಇದ್ದ ಮಷಿನ್ ಆನ್ ಮಾಡಿದ ತಕ್ಷಣ ನೋಡಿ. ಫ್ಯಾನ್ ಎಳೆಯೋದು ರೂಮಿನ ಗಾಳಿನೇ, ಅದಕ್ಕಿಂತ ಕಮ್ಮಿ ತೋರಿಸೋ ಸೆನ್ಸರ್ ಸುಳ್ಳು ಹೇಳ್ತಿದೆ. ಆಮೇಲೆ ಲೋಡ್ ಹಾಕಿ, ಅಂದ್ರೆ ಗೇಮ್ ಥರ ಭಾರೀ ಕೆಲಸ ಕೊಡಿ, ಸಿಪಿಯು ಸಾಲು ಕ್ಷಣದಲ್ಲೇ ಜಿಗೀಬೇಕು, ನಿಲ್ಲಿಸಿದ ಕೂಡಲೇ ಇಳೀಬೇಕು. ನಾನು ಮೊದಲು ನೋಡೋದಂತೂ ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಾಗಿ ಸ್ಪೀಡ್ ಇಳಿಸ್ಕೊಳ್ಳೋದು) ಅನ್ನೋ ಸಾಲು, ಅದು ಯೆಸ್ ಅಂದ್ರೆ ಚಿಪ್ಪೇ ತಾನು ಬಿಸಿಯಾಗಿದೀನಿ ಅಂತ ಒಪ್ಕೊಂಡ ಹಾಗೆ, ಆಗ ಧೂಳು ಕ್ಲೀನ್ ಮಾಡ್ಸಿ, ಚಿಪ್ಪಿನ ಬಿಸಿಯನ್ನ ಹೀಟ್‌ಸಿಂಕ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಬದಲಾಯಿಸಿ.

ಕೆಲವರು ಇನ್ಫ್ರಾರೆಡ್ ಥರ್ಮಾಮೀಟರ್ ತಂದು ಲ್ಯಾಪ್‌ಟಾಪ್ ಕೆಳಗೆ ಹಿಡಿದು ಇಲ್ಲಿ ಬರೀ 35 ಇದೆಯಲ್ಲಾ ಅಂತಾರೆ. ಹೊಳೆಯೋ ಮೆಟಲ್ ಮೇಲೆ ಅದು ನಿಜಕ್ಕಿಂತ ಕಮ್ಮಿ ತೋರಿಸುತ್ತೆ, ಕಪ್ಪು ಇನ್ಸುಲೇಷನ್ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಅಳೆದು ನೋಡಿ. ಆಗಲೂ ಸಿಗೋದು ಬಾಡಿಯ ಬಿಸಿ ಮಾತ್ರ, ಒಳಗಿನ ಚಿಪ್ಪಿನದ್ದಲ್ಲ.