ನೀರೊಡೆಯುವ ಗೋಡೆ

ಹಳೆಯ ಕಟ್ಟಡಗಳ ತಪಾಸಣೆ ನನ್ನ ಕೆಲಸ. ಎಲ್ಲಿ ಸೋರುತ್ತಿದೆ, ಎಲ್ಲಿ ಬಿರುಕು ಬಿಟ್ಟಿದೆ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ನೋಡಿ ವರದಿ ಬರೆಯುತ್ತೇನೆ. ತೀರ್ಥಹಳ್ಳಿ ಕಡೆಯಿಂದ ಇಂಗ್ಲೆಂಡಿಗೆ ಬಂದವನು. ಸೋರುವ ಮಾಡಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸಣ್ಣ ಅಹಂಕಾರವೂ ಇತ್ತು. ಅದು ಇಳಿದದ್ದು ಡರ್ಬಿಶೈರ್‌ನ ಹಳ್ಳಿಗಾಡಿನ ಒಂದು ದೊಡ್ಡ ಮನೆಯಲ್ಲಿ. ಮನೆಯ ಹೆಸರು ಬೇಡ.

ಅಲ್ಲಿನ ದಿವಾನಖಾನೆಯಲ್ಲಿ ಅಮೃತಶಿಲೆಯ ಅಗ್ಗಿಷ್ಟಿಕೆಯೊಂದಿದೆ. ಬಿಳಿ ಕಲ್ಲಿನ ಚೌಕಟ್ಟು, ಎರಡು ಪಕ್ಕಕ್ಕೂ ಇಟಲಿಯ ಸಿಯೆನಾದಿಂದ ತರಿಸಿದ ಹಳದಿ ಕಲ್ಲಿನ ಕಂಬ, ನೆತ್ತಿಯ ನಡುವೆ ಅಂಗೈಯಗಲದ ಫಲಕದಲ್ಲಿ ಕೊಳಲೂದುತ್ತಿರುವ ಕುರುಬರ ಹುಡುಗ. ನನಗೆ ಅವನು ಪ್ರತಿ ಸಲವೂ ಕೃಷ್ಣನಾಗಿಯೇ ಕಾಣುತ್ತಾನೆ. ಇದೇ ಸೀಮೆಯ ಕೆಡ್ಲ್‌ಸ್ಟನ್ ಹಾಲ್‌ನಲ್ಲಿ 1760ರ ದಶಕದಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಆಡಂ ಮಾಡಿಸಿದ ಕೆಲಸವನ್ನು ಕಂಡವರಿಗೆ ಈ ಶೈಲಿ ಹೊಸದಲ್ಲ. ಆದರೂ ಇಂಥದ್ದರ ಕಾಲ ಹೇಳುವಾಗ ಎಚ್ಚರ ಬೇಕು. ಇಪ್ಪತ್ತನೆಯ ಶತಮಾನದಲ್ಲಿ ಈ ದೇಶದಲ್ಲಿ ನೂರಾರು ದೊಡ್ಡ ಮನೆಗಳನ್ನು ಕೆಡವಿದರು. ಅವುಗಳ ಅಗ್ಗಿಷ್ಟಿಕೆಗಳು ಹರಾಜಾಗಿ ಬೇರೆ ಮನೆಗಳ ಗೋಡೆ ಸೇರಿದವು. ಆ ನಾಶವನ್ನೇ ವಿಷಯವಾಗಿಟ್ಟು 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಂದು ಪ್ರದರ್ಶನ ನಡೆಸಿತ್ತು. ಅಷ್ಟೆಲ್ಲ ತಿಳಿದಿದ್ದ ನಾನು ಕಲ್ಲಿನ ಕೀಲುಗಳನ್ನು ಬೆರಳಿನಿಂದ ತಡವಿ, ಟಾರ್ಚ್ ಹಿಡಿದು ನೋಡಿ, ಆ ಚೌಕಟ್ಟಿನ ಬಗ್ಗೆಯೇ ವರದಿಯಲ್ಲಿ ಎರಡು ಪುಟ ಬರೆದೆ.

ಅದರ ಹಿಂದಿನ ಹೊಗೆಗೂಡಿನ ಬಗ್ಗೆ ಬರೆದದ್ದು ಒಂದೇ ಸಾಲು: ‘ಮುಚ್ಚಲಾಗಿದೆ, ಬಳಕೆಯಲ್ಲಿಲ್ಲ.’

ಮನೆಯವರು ನನ್ನನ್ನು ಕರೆಸಿದ್ದು ಕುರುಬರ ಹುಡುಗನನ್ನು ನೋಡಲಿಕ್ಕಲ್ಲ. ಅವನ ತಲೆಯ ಮೇಲಿನ ಗೋಡೆಯಲ್ಲಿ ಮೂಡಿದ್ದ, ಚಹಾ ಚೆಲ್ಲಿದಂಥ ಕಂದು ಕಲೆಗಾಗಿ. ತೇವ ಅಳೆಯುವ ಮೀಟರ್ ಒತ್ತಿದೆ, ಮುಳ್ಳು ಕೊನೆಗೆ ಹೋಗಿ ನಿಂತಿತು. ಹೊಗೆಗೂಡು ಮಾಡನ್ನು ಸೀಳಿಕೊಂಡು ಹೊರಬರುವ ಜಾಗದಲ್ಲಿ ಸೀಸದ ತಗಡು ಹಳತಾಗಿತ್ತು. ಅಲ್ಲಿಂದಲೇ ಸೋರುತ್ತಿದೆ ಎಂದು ತೀರ್ಮಾನಿಸಿದೆ. ಅಟ್ಟಣೆ ಕಟ್ಟಿಸಿ, ತಗಡು ಬದಲಾಯಿಸಿ, ಗೋಡೆಗೆ ಬಣ್ಣ ಬಳಿಸಿದ್ದಾಯಿತು. ಅಟ್ಟಣೆಯ ಬಾಡಿಗೆಯೇ ಕಣ್ಣು ಕುಕ್ಕುವಷ್ಟು ಬಂತು. ನಾಲ್ಕು ತಿಂಗಳಿಗೆ ಹೊಸ ಬಣ್ಣದ ಮೇಲೆ ಕಲೆ ಮತ್ತೆ ಅಲ್ಲೇ, ಅದೇ ಆಕಾರದಲ್ಲಿ ಬಂದು ಕೂತಿತು.

ಆಗ ನಮ್ಮ ಜೊತೆಗಿದ್ದ ಗಾರೆ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ. ಅರವತ್ತು ದಾಟಿದವರು, ಮಾತು ಕಡಿಮೆ. ‘ಇದು ಒದ್ದೆಯಾಗುವುದು ಮಳೆ ಬಂದಾಗಲೋ, ಮೋಡ ಮುಸುಕಿದಾಗಲೋ?’

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮನೆವಾರ್ತೆ ನೋಡಿಕೊಳ್ಳುವ ಹೆಂಗಸಿಗೆ. ಇಂಥ ಮನೆಗಳಲ್ಲಿ ಚಿತ್ರಪಟ, ಮರದ ಸಾಮಾನು ಕೆಡದಿರಲಿ ಎಂದು ಪ್ರತಿ ಕೋಣೆಯ ಗಾಳಿಯ ತೇವಾಂಶವನ್ನು ದಿನವೂ ಬರೆದಿಡುವ ರೂಢಿಯಿದೆ. ಆಕೆ ಮೇಜಿನ ಖಾನೆಯಿಂದ ಉದ್ದನೆಯ ನೋಟ್‌ಬುಕ್ ತೆಗೆದರು. ಅಂಕಿಗಳ ಪಕ್ಕದಲ್ಲಿ ಅಲ್ಲಲ್ಲಿ ಪೆನ್ಸಿಲಿನಿಂದ ‘ಕಲೆ ಗಾಢ’, ‘ಕಲೆ ತೆಳು’ ಎಂದಿತ್ತು. ಗಾಳಿ ಬೀಸಿ ಜೋರು ಮಳೆ ಹೊಡೆದ ದಿನ ಕಲೆ ತೆಳು. ಮಳೆಯೇ ಇಲ್ಲದೆ ಮಂಜು ಕವಿದು ಗಾಳಿಯ ತೇವಾಂಶ ಶೇಕಡ 75 ದಾಟಿದ ದಿನ ಗಾಢ. ಎರಡು ವರ್ಷದ ಲೆಕ್ಕ ಅದು. ‘ಮೊದಲೇ ಏಕೆ ಹೇಳಲಿಲ್ಲ?’ ಎಂದೆ. ‘ನೀವು ಕೇಳಲಿಲ್ಲವಲ್ಲ’ ಎಂದರು. ಸಿಟ್ಟೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

ನಮ್ಮ ಅಜ್ಜಿ ಕಲ್ಲುಪ್ಪನ್ನು ಮರದ ಮರಿಗೆಯಲ್ಲಿ ಒಲೆಯ ಪಕ್ಕವೇ ಇಡುತ್ತಿದ್ದರು. ಆಷಾಢದಲ್ಲಿ ಒಂದೇ ಗೇಣು ಆಚೆ ಸರಿಸಿದರೂ ಅದು ನೀರೊಡೆಯುತ್ತಿತ್ತು. ಇಂಗ್ಲೆಂಡಿನ ಹಳೆಯ ಅಡುಗೆ ಒಲೆಗಳ ಪಕ್ಕದ ಗೋಡೆಯಲ್ಲೂ ಉಪ್ಪಿಗೆಂದೇ ಪುಟ್ಟ ಗೂಡು ಇರುತ್ತದೆ. ನಾನೇ ಹತ್ತಾರು ಕಡೆ ಫೋಟೋ ತೆಗೆದಿದ್ದೇನೆ. ಕಣ್ಣೆದುರಿನ ಗೋಡೆಯೂ ಒಂದು ಉಪ್ಪಿನ ಮರಿಗೆ ಎಂದು ಮಾತ್ರ ಹೊಳೆಯಲಿಲ್ಲ. ಇನ್ನೂರು ವರ್ಷ ಕಲ್ಲಿದ್ದಲು ಉರಿದ ಹೊಗೆಗೂಡಿನ ಇಟ್ಟಿಗೆ ಹೊಗೆಯಲ್ಲಿದ್ದ ಲವಣಗಳನ್ನೂ ಮಸಿಯ ಜಿಡ್ಡನ್ನೂ ಕುಡಿದಿರುತ್ತದೆ. ಬೆಂಕಿ ಇರುವವರೆಗೆ ಗೋಡೆ ಒಣಗಿರುತ್ತದೆ. ಬೆಂಕಿ ಆರಿಸಿ, ಮೇಲೂ ಕೆಳಗೂ ಬಾಯಿ ಮುಚ್ಚಿದರೆ ಒಳಗಿನ ಗಾಳಿ ಆಡುವುದಿಲ್ಲ. ತೇವದ ಜೊತೆ ಲವಣ ಹೊರಗಿನ ಗಾರೆಗೆ ಬರುತ್ತದೆ. ಆಮೇಲೆ ಅದಕ್ಕೆ ಮಳೆ ಬೇಕಿಲ್ಲ, ಗಾಳಿಯ ಪಸೆಯೇ ಸಾಕು. ನಾನು ನಂಬಿದ್ದ ಮೀಟರ್ ಸಹ ನೀರಿಗೆ ಓಡಿದಂತೆಯೇ ಉಪ್ಪಿಗೂ ಓಡುತ್ತದೆ. ಪರೀಕ್ಷೆಗೆ ಓದಿ ಬರೆದ ವಿಷಯ ಇದು.

ಮುಚ್ಚುವ ಚಾಳಿ ಇಲ್ಲಿ ಹಳೆಯದು. 1662ರಲ್ಲಿ ಒಂದೊಂದು ಒಲೆಗೂ ವರ್ಷಕ್ಕೆ 2 ಶಿಲಿಂಗ್ ತೆರಿಗೆ ಬಂದಾಗ ಜನ ಒಲೆ ಮುಚ್ಚಿ ಲೆಕ್ಕ ತಪ್ಪಿಸಿದರು. 1689ರಲ್ಲಿ ಆ ತೆರಿಗೆ ಹೋಯಿತು. ನಮ್ಮ ಮನೆಯದನ್ನು ಮುಚ್ಚಿದವರಿಗೆ ತೆರಿಗೆಯ ಭಯವಿರಲಿಲ್ಲ. 1960ರ ಸುಮಾರಿಗೆ ಬಿಸಿನೀರಿನ ಕೊಳವೆಗಳು ಬಂದವು, ಚಳಿಗಾಳಿ ಬಾರದಿರಲಿ ಎಂದು ಸಿಮೆಂಟ್ ಮೆತ್ತಿಬಿಟ್ಟರು.

ಸಂರಕ್ಷಿತ ಕಟ್ಟಡವಾದ್ದರಿಂದ ಕೌನ್ಸಿಲ್‌ನ ಒಪ್ಪಿಗೆಗೆ ಕಾದು, ವಸಂತದಲ್ಲಿ ಬಿಚ್ಚಿದೆವು. ಮೊದಲು ಬಂದದ್ದು ಕಡ್ಡಿ. ಜ್ಯಾಕ್‌ಡಾ ಎಂಬ ಸಣ್ಣ ಕಾಗೆಗಳು ಮೇಲಿನಿಂದ ಕಡ್ಡಿ ಬೀಳಿಸುತ್ತ, ಯಾವುದಾದರೂ ಅಡ್ಡ ಸಿಕ್ಕಿಕೊಳ್ಳುವವರೆಗೂ ಬಿಡದೆ ಗೂಡು ಕಟ್ಟುತ್ತವೆ. ಏಳು ಗೋಣಿಚೀಲ ತುಂಬಿತು. ಅದರಾಚೆ ವಿಕ್ಟೋರಿಯಾ ಕಾಲದ ಬೀಡುಕಬ್ಬಿಣದ ಜಾಲರಿ. ಅದರ ಹಿಂದೆ ಇಕ್ಕೆಲವನ್ನೂ ಓರೆಯಾಗಿಸಿ, ಗಂಟಲನ್ನು ಕಿರಿದು ಮಾಡಿದ ಇಟ್ಟಿಗೆ ಕೆಲಸ. ಶಾಖ ಕೋಣೆಗೆ ಬರಲಿ, ಹೊಗೆ ಮಾತ್ರ ಮೇಲೆ ಹೋಗಲಿ ಎಂದು ಕೌಂಟ್ ರಮ್‌ಫೋರ್ಡ್ 1796ರಲ್ಲಿ ಬರೆದು ತೋರಿಸಿದ ಪದ್ಧತಿ ಅದು. ಅದಕ್ಕೂ ಹಿಂದೆ, ಒಬ್ಬ ಆಳು ನಿಲ್ಲಬಹುದಾದ ಹಳೆಯ ಬಾಯಿ, ಅದರ ಮೇಲೆ ಓಕ್ ಮರದ ತೊಲೆ. ತೊಲೆಯ ಮೇಲೆ ಕಣ್ಣೀರಿನ ಹನಿಯಂಥ ಸುಟ್ಟ ಗುರುತುಗಳು. ಮನೆಗೆ ಕೇಡು ತಟ್ಟದಿರಲಿ ಎಂದು ಬತ್ತಿ ಹಿಡಿದು ಬೇಕೆಂದೇ ಸುಟ್ಟವು ಎಂದು ಇವನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಮೇಸ್ತ್ರಿ ಒಂದರ ಮೇಲೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಒಳಗೋಡೆಯ ಗಾರೆಯನ್ನು ಒಂದು ಚೂರು ಕೆತ್ತಿ ನನ್ನ ಕೈಗೆ ಹಾಕಿ, ಏನು ಬೆರೆಸಿದ್ದಾರೆ ಹೇಳು ಎಂದರು. ಸುಣ್ಣ, ಮರಳು, ಕೂದಲು. ಇನ್ನೊಂದು? ಮುರಿದು ನೋಡಿದೆ, ಹುಲ್ಲಿನ ಎಳೆ. ಸೆಗಣಿ! ಹೊಗೆಗೂಡಿನ ಒಳಮೈಗೆ ಸುಣ್ಣದ ಜೊತೆ ಸೆಗಣಿ ಕಲಸಿ ಬಳಿಯುವುದು ಇಲ್ಲಿ ಶತಮಾನಗಳ ವಾಡಿಕೆ. ಅಂಗಳ ಸಾರಿಸಿದ ಮನೆಯಿಂದ ಬಂದವನಿಗೆ ಅದನ್ನು ಡರ್ಬಿಶೈರ್‌ನವರು ತೋರಿಸಬೇಕಾಯಿತು.

ಉಪ್ಪು ಹಿಡಿದ ಗಾರೆ ಕಿತ್ತು ಸುಣ್ಣದ ಗಾರೆ ಹಾಕಿದೆವು. ಮೇಲೆ ಗಾಳಿಯಾಡುವ ಟೋಪಿ, ಕೆಳಗೆ ಜಾಲರಿ ಬಂದವು. ಕೊನೆಯ ದಿನ ಹೊಗೆ ಪರೀಕ್ಷೆ. ಒಲೆಯಲ್ಲಿ ಹೊಗೆ ಉಂಡೆ ಹಚ್ಚಿ ಹುಲ್ಲುಹಾಸಿಗೆ ಓಡಿದೆ. ಮೇಲೆ ಬಿಳಿ ಹೊಗೆ ನೆಟ್ಟಗೆ ಎದ್ದಿತು. ಮೇಸ್ತ್ರಿಯ ಕಡೆ ತಿರುಗಿ ನಗುವಷ್ಟರಲ್ಲಿ ಎರಡನೆಯ ಮಹಡಿಯ ಕಿಟಕಿ ತೆರೆಯಿತು. ಮಕ್ಕಳ ಕೋಣೆಯ ಬೀರುವಿನ ಹಿಂದಿನಿಂದಲೂ ಹೊಗೆ ಬರುತ್ತಿದೆ ಎಂದು ಮನೆವಾರ್ತೆಯಾಕೆ ಕೂಗಿದರು. ಎರಡು ಹೊಗೆಗೂಡುಗಳ ನಡುವಿನ ಅಡ್ಡಗೋಡೆ ಎಲ್ಲೋ ಬಿದ್ದಿರಬೇಕು.

ನಾನು ಮೆಟ್ಟಿಲೇರಿ ಹೋಗುವಷ್ಟರಲ್ಲಿ ಆಕೆ ನೋಟ್‌ಬುಕ್ ತೆರೆದು, 10.15, ಮಕ್ಕಳ ಕೋಣೆ, ಹೊಗೆ ಎಂದು ಬರೆದಾಗಿತ್ತು. ಆ ಪುಟದ ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದೆ. ಹಿಂದಿನ ಪುಟಗಳನ್ನೂ ತೆಗೆದುಕೋ ಎಂದರು.