ಎರಡು ಪುಟದ ಆರ್ವೊ ಪ್ಯಾರ್ಟ್

ಬೆಳಗಾವಿಯಲ್ಲಿ ಹಾರ್ಮೋನಿಯಂ ಕಲಿಯುವವರಿಗೇನೂ ಕೊರತೆಯಿಲ್ಲ. ಹೆಸರಾಂತ ಹಾರ್ಮೋನಿಯಂ ವಾದಕ ರಾಂಭಾವು ವಿಜಾಪುರೆಯವರು ಇದ್ದ ಊರಲ್ವಾ! ಅವರಿಗೆಲ್ಲ ನಾನು ಹೇಳೋದು ಇಷ್ಟೇ: ಆರ್ವೊ ಪ್ಯಾರ್ಟ್ ಅವರ ‘ಫ್ಯೂರ್ ಅಲೀನಾ’ದ ನೊಟೇಶನ್ ತರಿಸಿಕೊಳ್ಳಿ. ಬರೀ ಕೇಳಿ ಸುಮ್ಮನಾಗಬೇಡಿ, ಹಾಳೆಯನ್ನು ಮುಂದಿಟ್ಟುಕೊಂಡು ನೋಡಿ.

ಪ್ಯಾರ್ಟ್ ಎಸ್ಟೋನಿಯಾದ ಸಂಗೀತ ರಚನಕಾರರು, ಹುಟ್ಟಿದ್ದು 1935ರಲ್ಲಿ. 1968ರ ನಂತರ ಕೆಲವು ವರ್ಷ ಬರೆಯೋದನ್ನು ಹೆಚ್ಚುಕಡಿಮೆ ನಿಲ್ಲಿಸಿ, ಚರ್ಚುಗಳ ಹಳೆಯ ಗಾಯನವನ್ನು ಅಭ್ಯಾಸ ಮಾಡುತ್ತ ಕೂತರು. ಆ ಮೌನ ಮುಗಿದ ಮೇಲೆ 1976ರಲ್ಲಿ ಬಂದದ್ದು ಪಿಯಾನೋಗೆ ಬರೆದ ಈ ಪುಟ್ಟ ಕೃತಿ.

ಹಾಳೆ ಬಹುತೇಕ ಖಾಲಿ. ತಾಳದ ಗುರುತಿಲ್ಲ, ಸ್ವರಗಳಿಗೆ ಕಡ್ಡಿಯಿಲ್ಲ, ಬರೀ ಸ್ವರ ಸೂಚಿಸುವ ಕಪ್ಪು ಮತ್ತು ಬಿಳಿ ಬೊಟ್ಟುಗಳು. ಬಿಳಿ ಬೊಟ್ಟು ಇದ್ದಲ್ಲಿ ನಿಲ್ಲಬೇಕು. ಗೆರೆ ಹಾಕಿ ಬೇರ್ಪಡಿಸಿದ ಒಂದೊಂದು ಮನೆಗೂ ಒಂದೊಂದು ಸ್ವರ ಹೆಚ್ಚುತ್ತ ಮಧ್ಯದವರೆಗೆ ಹೋಗಿ, ಆಮೇಲೆ ಹಾಗೇ ಕಡಿಮೆಯಾಗುತ್ತ ಬರುತ್ತದೆ. ಆಲಾಪದ ರೂಢಿ ಇದ್ದವರಿಗೆ ತಾಳವಿಲ್ಲದ್ದು ಕಷ್ಟವಾಗೋದಿಲ್ಲ, ಆದರೆ ಇಲ್ಲಿ ಯಾವ ಸ್ವರವನ್ನೂ ನೀವು ಆರಿಸುವಂತಿಲ್ಲ, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದಷ್ಟೇ ನಿಮ್ಮ ಕೈಯಲ್ಲಿ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಬಿಳಿ ಏಳನ್ನು, ಅಂದರೆ ಸಪ್ತಕದ ಏಳನೇ ಬಿಳಿ ಮನೆಯನ್ನು (ಪಾಶ್ಚಾತ್ಯರ B), ಸಾ ಮಾಡಿಕೊಳ್ಳಿ, ಹಿಂದೂಸ್ತಾನಿಯ ಅಸಾವರಿ ಥಾಟಿನ (ಸ್ವರಗಳ ಗುಂಪಿನ) ಸ್ವರಗಳು ಸಿಗುತ್ತವೆ. ಬಲಗೈ ಈ ಸ್ವರಗಳಲ್ಲಿ ಓಡಾಡುತ್ತದೆ. ಎಡಗೈಗೆ ಸಾ, ಕೋಮಲ ಗ, ಪ ಬಿಟ್ಟರೆ ಬೇರೆ ದಾರಿಯೇ ಇಲ್ಲ. ತಂಬೂರಿ ಇದ್ದ ಹಾಗೆ ಅಂತ ಅನ್ನಿಸಬಹುದು, ಅದು ಅರ್ಧ ಮಾತ್ರ ಸರಿ. ತಂಬೂರಿ ಹಿಂದೆ ನಿಂತಿರುತ್ತದೆ. ಇಲ್ಲಿ ಎಡಗೈ ಬಲಗೈಯ ಪ್ರತಿ ಸ್ವರದ ಜೊತೆಗೂ ನಡೆಯುತ್ತದೆ, ಹಾಗಾಗಿ ಎರಡರ ನಡುವಿನ ಅಂತರ ಬದಲಾಗುತ್ತಲೇ ಇರುತ್ತದೆ, ಒಂದು ಕಡೆ ಇಂಪಾಗಿ ಕೂಡಿದ್ದು ಮರುಕ್ಷಣ ಸಣ್ಣಗೆ ತಿಕ್ಕಾಡುತ್ತದೆ. ಆ ತಿಕ್ಕಾಟ ಕಿವಿಗೆ ಬೀಳಬೇಕು ಅಂದರೆ ನಿಧಾನವಾಗಿಯೇ ನುಡಿಸಬೇಕು.

ಎಡಗೈ ಈ ನಿಯಮ ಮುರಿದು ರಿ ಹಿಡಿಯೋದು ಒಂದೇ ಒಂದು ಸಲ. ಅಲ್ಲಿ ಪ್ಯಾರ್ಟ್ ಒಂದು ಹೂವಿನ ಚಿತ್ರ ಬರೆದಿದ್ದಾರೆ! ರೆಕಾರ್ಡಿಂಗ್ ಎಷ್ಟು ಕೇಳಿದರೂ ಆ ಹೂವು ಕಾಣೋದಿಲ್ಲ, ಅದಕ್ಕೇ ಹಾಳೆ ನೋಡಿ ಅಂದದ್ದು.

ಹಾರ್ಮೋನಿಯಂ ಮೇಲೆ ಸ್ವರಗಳ ಪರಿಚಯ ಮಾಡಿಕೊಳ್ಳಬಹುದು, ಪೂರ್ತಿ ಫಲ ಸಿಗೋದಿಲ್ಲ. ಮೊದಲಿಗೆ ತುಂಬಾ ಕೆಳಗಿನ ಸಾ ಒತ್ತಿ, ನಾದ ನಿಲ್ಲದಂತೆ ಪಿಯಾನೋದ ಕಾಲಿನ ಪೆಡಲ್ ಹಿಡಿದು, ಆ ಸಾದ ಗುಂಗಿನಲ್ಲೇ ಮೇಲಿನ ಸ್ವರಗಳನ್ನು ನುಡಿಸಬೇಕು. ಪೆಡಲ್ ಇರುವ ಕೀಬೋರ್ಡ್ ಆದರೂ ಬೇಕು.

ಇನ್ನೊಂದು ಮಾತು. ಇದನ್ನು ಪ್ರಕಟಿಸಿದ್ದು ವಿಯೆನ್ನಾದ ಯೂನಿವರ್ಸಲ್ ಎಡಿಷನ್, ಹಕ್ಕು ಇನ್ನೂ ಇದೆ. ದಯವಿಟ್ಟು ಕೊಂಡುಕೊಳ್ಳಿ. ಜೆರಾಕ್ಸ್ ಹಂಚಾಡೋದು ನಮ್ಮಲ್ಲಿ ಜಾಸ್ತಿ, ಬರೆದವರಿಗೆ ಅದು ನ್ಯಾಯವಲ್ಲ.

ಇದು ಕೈಗೆ ಬಂದ ಮೇಲೆ ಪಿಟೀಲು ನುಡಿಸುವ ಗೆಳೆಯರಿದ್ದರೆ 1978ರ ‘ಶ್ಪೀಗೆಲ್ ಇಮ್ ಶ್ಪೀಗೆಲ್’ ಹಿಡಿಯಿರಿ. ಯೇಸುವಿನ ಕೊನೆಯ ದಿನದ ಕತೆ ಹಾಡುವ, ಒಂದು ಗಂಟೆಗೂ ಮೀರಿದ 1982ರ ‘ಪಾಸಿಯೋ’ ಕೂಡ ಬೆಳೆದಿರೋದು ಇದೇ ಎರಡು ಧ್ವನಿಗಳ ನಿಯಮದಿಂದ. ಕ್ಯಾಂಪ್ ಕಡೆ ಅಥವಾ ಟಿಳಕವಾಡಿಯಲ್ಲಿ ಯಾರ ಮನೆಯಲ್ಲಾದರೂ ಶ್ರುತಿ ಸರಿಯಿರುವ ಪಿಯಾನೋ ಇದ್ದರೆ ತಿಳಿಸಿ, ಹಾಳೆ ನಾನು ತರುತ್ತೇನೆ.